ಎರಡು ಕೊಟ್ಟು ಒಂದು ತರುವ ಮೊದಲು: .32 ಕೈಬಂದೂಕಿನ ಲೆಕ್ಕಾಚಾರ

ಕೈಬಂದೂಕು ಬದಲಿಸುವ ಮಾತು ಬಂದಾಗ ನಾನು ಮೊದಲು ಆ ವ್ಯವಹಾರವನ್ನು ಎರಡು ಹೋಳು ಮಾಡುತ್ತೇನೆ. ನನ್ನದನ್ನು ಮಾರುವುದು ಒಂದು, ಇನ್ನೊಂದನ್ನು ಕೊಳ್ಳುವುದು ಮತ್ತೊಂದು. 1959ರ ಶಸ್ತ್ರಾಸ್ತ್ರ ಕಾಯ್ದೆಯೂ ಹಾಗೇ ನೋಡುತ್ತದೆ. ಸ್ಕೂಟರ್ ಎಕ್ಸ್‌ಚೇಂಜ್ ಮಾಡಿದಂತೆ ಕೈಗೆ ಕೈ ಬದಲಿಸಿಕೊಳ್ಳಲು ಅಲ್ಲಿ ಜಾಗವಿಲ್ಲ. ಮಾರುವುದು ಮಾರಾಟವಾಗಿಯೇ ಲಾಭವೋ ನಷ್ಟವೋ ನೋಡಬೇಕು, ಕೊಳ್ಳುವುದು ಖರೀದಿಯಾಗಿಯೇ ಬೇಕೋ ಬೇಡವೋ ನೋಡಬೇಕು. ಎರಡನ್ನೂ ಕಲಸಿದರೆ ಅಂಗಡಿಯವನಿಗೆ ಅನುಕೂಲ, ನಮಗಲ್ಲ.

ನನ್ನ ಲೈಸೆನ್ಸ್‌ನಲ್ಲಿ ಇದ್ದದ್ದು ಎರಡು. ಒಂದು ಕಾನ್ಪುರದ ಆರ್ಡ್‌ನೆನ್ಸ್ ಕಾರ್ಖಾನೆಯ ಹಳೆಯ .32 ರಿವಾಲ್ವರ್, ಬೆನ್ನು ಮುರಿದು ತೆರೆಯುವ ಬಗೆಯದು (ಮೇಲಿನ ಕೊಂಡಿ ಬಿಡಿಸಿದರೆ ನಳಿಕೆ ಕೆಳಗೆ ಬಾಗುತ್ತದೆ), ಆರು ಗುಂಡು, ಮೂರು ಇಂಚಿನ ನಳಿಕೆ. ಇನ್ನೊಂದು ಜರ್ಮನಿಯ ವಾಲ್ಥರ್ ಪಿಪಿ, .32 ಪಿಸ್ತೂಲು, ಎಂಟು ಗುಂಡಿನ ಮ್ಯಾಗಜಿನ್. ಅಂಗಡಿಯವನಿಂದ ಬಂದ ಪ್ರಸ್ತಾಪ, ಎರಡನ್ನೂ ಕೊಟ್ಟು ಹೊಸ ‘ಪ್ರಬಲ್’ ರಿವಾಲ್ವರ್ ತೆಗೆದುಕೊಳ್ಳುವುದು. "ಸಾಹುಕಾರ್ರ, ಎರಡೂ ಕೊಟ್ಟುಬಿಡ್ರಿ, ಮ್ಯಾಲ ಒಂದು ರೂಪಾಯಿ ಬ್ಯಾಡ" ಎಂಬ ಮಾತು ಕೇಳಲು ಸಿಹಿ. ನಮ್ಮ ಬೀದರ್, ಕಲಬುರಗಿ ಕಡೆ ಇಂಥ ಮಾತು ಹೆಚ್ಚಾಗಿದ್ದಕ್ಕೆ ಕಾರಣವೂ ಇದೆ. 2019ರ ತಿದ್ದುಪಡಿ ಬರುವವರೆಗೆ ಒಬ್ಬರು ಮೂರು ಬಂದೂಕು ಇಟ್ಟುಕೊಳ್ಳಬಹುದಿತ್ತು, ಈಗ ಎರಡೇ. ಎರಡು ತುಂಬಿದ ಲೈಸೆನ್ಸ್‌ಗೆ ಮೂರನೆಯದು ಬರಬೇಕೆಂದರೆ ಒಂದು ಹೋಗಲೇಬೇಕು. ಆದರೆ ಹೋಗಬೇಕಾದದ್ದು ಒಂದು ಮಾತ್ರ. ಎರಡೂ ಹೋಗಬೇಕೆಂದು ಕಾಯ್ದೆ ಹೇಳುವುದಿಲ್ಲ, ಅಂಗಡಿಯವನು ಹೇಳುತ್ತಾನೆ.

ಬಂದೂಕು ಕೈಯಲ್ಲಿ ಹಿಡಿದು ನೋಡುವ ಮೊದಲು ಲೈಸೆನ್ಸ್ ಪುಸ್ತಕ ತೆರೆದು ಓದಬೇಕು. ನಾನು ನೋಡುವುದು ಇಷ್ಟು: ಅವಧಿ ಯಾವಾಗ ಮುಗಿಯುತ್ತದೆ (ಈಗ ಐದು ವರ್ಷ, ತಿದ್ದುಪಡಿಗೆ ಮೊದಲು ಮೂರು ಇತ್ತು), ರಾಷ್ಟ್ರೀಯ ದತ್ತಾಂಶದ ಯುಐಎನ್ (ಲೈಸೆನ್ಸ್‌ದಾರರ ವಿಶಿಷ್ಟ ಗುರುತು) ಸಂಖ್ಯೆ ಬಿದ್ದಿದೆಯೋ ಇಲ್ಲವೋ, ಪ್ರತಿ ಬಂದೂಕಿನ ಬೋರು (ನಳಿಕೆಯ ಒಳ ಅಳತೆ) ಮತ್ತು ನಂಬರು ಸರಿಯಾಗಿ ಬರೆದಿದೆಯೋ, ಕಾಡತೂಸಿನ ಮಿತಿ ಎಷ್ಟು, ಮತ್ತು ಲೈಸೆನ್ಸ್ ಎಲ್ಲೆಲ್ಲಿ ಚಲಾವಣೆಯಲ್ಲಿದೆ. ಹಳೆಯ ಪುಸ್ತಕಗಳಲ್ಲಿ ಕೈಬರಹದ ನಂಬರಿನಲ್ಲಿ 1 ಮತ್ತು 7, 3 ಮತ್ತು 8 ಅದಲುಬದಲಾಗಿರುವುದು ಸಾಮಾನ್ಯ. ಬಂದೂಕಿನ ಮೈಮೇಲಿನ ನಂಬರಿಗೂ ಪುಸ್ತಕದ ನಂಬರಿಗೂ ಒಂದಂಕಿ ತಾಳೆಯಾಗದಿದ್ದರೂ ಮಾರಾಟ ಅಲ್ಲಿಗೇ ನಿಲ್ಲುತ್ತದೆ. ಅದನ್ನು ಮೊದಲು ತಿದ್ದಿಸಿ, ಆಮೇಲೆ ಗಿರಾಕಿ ಹುಡುಕಬೇಕು.

ಚಲಾವಣೆಯ ವ್ಯಾಪ್ತಿ ನಮ್ಮ ಗಡಿ ಜಿಲ್ಲೆಯವರಿಗೆ ಬಹಳ ಮುಖ್ಯ. ಬೀದರಿನವರಿಗೂ ಕಲಬುರಗಿಯವರಿಗೂ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ, ಕಲಬುರಗಿಯವರಿಗೆ ಸೊಲ್ಲಾಪುರ ಇನ್ನೂ ಹತ್ತಿರ. ಅಲ್ಲಿನ ಅಂಗಡಿಯಲ್ಲಿ ಒಳ್ಳೆಯ ಬೆಲೆ ಬರುತ್ತದೆಂದು ಕಾರಿನಲ್ಲಿಟ್ಟುಕೊಂಡು ಹೊರಡುವವರು ಇದ್ದಾರೆ. ಲೈಸೆನ್ಸ್ ಕರ್ನಾಟಕಕ್ಕಷ್ಟೇ ಇದ್ದರೆ ಹುಮನಾಬಾದ್ ದಾಟಿ ಜಹೀರಾಬಾದ್ ಕಡೆ ಕಾಲಿಟ್ಟ ಕೂಡಲೇ ಆ ಬಂದೂಕಿಗೆ ಲೈಸೆನ್ಸ್ ಇಲ್ಲದಂತೆಯೇ. ಅಖಿಲ ಭಾರತ ವ್ಯಾಪ್ತಿ ಇಲ್ಲದವರು ರಾಜ್ಯದೊಳಗಿನ ಅಂಗಡಿಯಲ್ಲೇ ವ್ಯವಹಾರ ಮುಗಿಸಬೇಕು, ಇಲ್ಲವೇ ಮೊದಲು ವ್ಯಾಪ್ತಿ ವಿಸ್ತರಣೆಗೆ ಅರ್ಜಿ ಹಾಕಬೇಕು. ಕಡತ ಯಾವ ಕಚೇರಿಯಲ್ಲಿದೆ ಎಂಬುದನ್ನೂ ಪುಸ್ತಕದ ಸೀಲು ನೋಡಿ ಖಚಿತ ಮಾಡಿಕೊಳ್ಳಿ. ಕಲಬುರಗಿ ನಗರಕ್ಕೆ 2019ರಲ್ಲಿ ಪೊಲೀಸ್ ಕಮಿಷನರೇಟ್ ಬಂದಿದೆ. ಅದಕ್ಕೂ ಹಿಂದಿನ ಲೈಸೆನ್ಸ್‌ಗಳಲ್ಲಿ ಜಿಲ್ಲಾಧಿಕಾರಿಗಳ ಸೀಲೇ ಇರುತ್ತದೆ. ಮಿನಿ ವಿಧಾನಸೌಧಕ್ಕೂ ಕಮಿಷನರ್ ಕಚೇರಿಗೂ ನಡುವೆ ಅಲೆಯುವ ಬದಲು ಅರ್ಜಿಯನ್ನು ಯಾರಿಗೆ ಬರೆಯಬೇಕೆಂದು ಮೊದಲೇ ಕೇಳಿಕೊಳ್ಳುವುದು ಮೇಲು.

ಇನ್ನು ಮಾರಾಟದ ನಿಯಮ. ಒಬ್ಬ ಲೈಸೆನ್ಸ್‌ದಾರ ತನ್ನ ಸ್ವಂತ ಬಂದೂಕನ್ನು ಇನ್ನೊಬ್ಬ ಲೈಸೆನ್ಸ್‌ದಾರನಿಗೆ ನೇರವಾಗಿ ಮಾರಬಹುದು. ಕಾಯ್ದೆಯ 5ನೇ ಕಲಂ ಅದಕ್ಕೆ ಅವಕಾಶ ಕೊಡುತ್ತದೆ. ಆದರೆ ಮಾರುವ ಉದ್ದೇಶವನ್ನೂ ಕೊಳ್ಳುವವರ ಹೆಸರು, ವಿಳಾಸವನ್ನೂ ಜಿಲ್ಲಾ ದಂಡಾಧಿಕಾರಿಗಳಿಗೋ ಹತ್ತಿರದ ಠಾಣೆಯ ಅಧಿಕಾರಿಗೋ ಬರಹದಲ್ಲಿ ತಿಳಿಸಿ, ಅಲ್ಲಿಂದ 45 ದಿನ ಕಳೆದಿರಬೇಕು. ಸ್ವೀಕೃತಿಯ ಸೀಲು ಮತ್ತು ತಾರೀಖು ಇರುವ ಪ್ರತಿ ನಿಮ್ಮ ಕೈಯಲ್ಲಿರಬೇಕು, ದಿನಗಳ ಎಣಿಕೆ ಶುರುವಾಗುವುದು ಆ ತಾರೀಖಿನಿಂದ. ಅಂಗಡಿಗೆ ಮಾರುವುದಾದರೆ ದಾರಿ ಸ್ವಲ್ಪ ಸಲೀಸು, ಆದರೂ ಮಾರಾಟದ ಅನುಮತಿ ಪತ್ರ ಕೈಗೆ ಬರದೆ ನಾನು ಬಂದೂಕು ಬಿಡುವುದಿಲ್ಲ. ಅನುಮತಿ ಬರುವವರೆಗೆ ಅಂಗಡಿಯಲ್ಲಿ ಇಡಬೇಕೆಂದಿದ್ದರೆ ಅದು ‘ಠೇವಣಿ’ ಎಂದೇ ರಸೀದಿಯಲ್ಲಿ ಬರೆಸಬೇಕು, ‘ಮಾರಾಟ’ ಎಂದಲ್ಲ.

"ಕಾಗದ ಆಮ್ಯಾಗ ಮಾಡಿಸೋಣು, ನೀವು ಒಯ್ದು ನೋಡ್ರಿ" ಎನ್ನುವ ಪರಿಚಯಸ್ಥರಿಗೆ ಕೈ ಮುಗಿದುಬಿಡಿ. ನಿಮ್ಮ ಪುಸ್ತಕದಲ್ಲಿ ನಮೂದಾಗದ ಬಂದೂಕು ನಿಮ್ಮ ಮನೆಯಲ್ಲಿದ್ದರೆ, ಅದು ಇನ್ನೊಬ್ಬರ ಲೈಸೆನ್ಸ್‌ನಲ್ಲಿ ಇದ್ದರೂ, ನಿಮ್ಮ ಮಟ್ಟಿಗೆ ಅಕ್ರಮ ಆಯುಧವೇ. 2019ರ ನಂತರ ಅದಕ್ಕೆ ಎರಡರಿಂದ ಐದು ವರ್ಷ ಜೈಲು ಮತ್ತು ದಂಡ. ಅವರಿಗೂ ಕೇಸು, ನಿಮಗೂ ಕೇಸು.

ಕಾಗದಗಳ ಕ್ರಮ ತಪ್ಪಬಾರದು. ಮೊದಲು ಹಳೆಯದರ ಮಾರಾಟಕ್ಕೆ ಅನುಮತಿ, ಆಮೇಲೆ ಮಾರಾಟದ ಬಿಲ್ಲು, ಆ ಬಿಲ್ಲು ತೋರಿಸಿ ಪುಸ್ತಕದಿಂದ ಹಳೆಯ ನಂಬರು ತೆಗೆಸುವುದು, ನಂತರ ಹೊಸದನ್ನು ಕೊಳ್ಳಲು ಅನುಮತಿ, ಖರೀದಿ, ಕೊನೆಗೆ ಹೊಸದನ್ನು ಗಡುವಿನೊಳಗೆ ಕಚೇರಿಗೆ ತೋರಿಸಿ ನಮೂದು ಮಾಡಿಸುವುದು. ಪುಸ್ತಕದಲ್ಲಿ ತೆಗೆದದ್ದು ಆನ್‌ಲೈನ್ ದತ್ತಾಂಶದಲ್ಲಿಯೂ ತೆಗೆದಿದೆಯೇ ಎಂದು ಕೇಳಿ ನೋಡಿ. ಅಲ್ಲಿ ಹಳೆಯದು ಉಳಿದರೆ ಮುಂದಿನ ನವೀಕರಣದಲ್ಲಿ ನಿಮ್ಮ ಹೆಸರಿಗೆ ಮೂರು ಬಂದೂಕು ಕಾಣುತ್ತವೆ, ಆಗ ವಿವರಣೆ ಕೊಡುತ್ತಾ ಕೂರಬೇಕು. ಲೈಸೆನ್ಸ್‌ನಲ್ಲಿ ‘ರಿವಾಲ್ವರ್’ ಎಂದಷ್ಟೇ ಇದ್ದು ನೀವು ಪಿಸ್ತೂಲಿಗೆ ಹೋಗುವುದಿದ್ದರೆ ಆ ಬದಲಾವಣೆಗೂ ಅರ್ಜಿ ಬೇಕು. ಚುನಾವಣೆ ಘೋಷಣೆಯಾದರೆ ಬಂದೂಕುಗಳನ್ನು ಠಾಣೆಯಲ್ಲೋ ಅಂಗಡಿಯಲ್ಲೋ ಜಮಾ ಮಾಡಲು ಹೇಳುತ್ತಾರೆ, ಆ ದಿನಗಳಲ್ಲಿ ಕಚೇರಿಯವರಿಗೂ ಬೇರೆ ಕೆಲಸ. ಹಾಗಾಗಿ ಚುನಾವಣೆಯ ಗಾಳಿ ಬೀಸುವಾಗ ನಾನು ಅರ್ಜಿ ಹಾಕುವುದಿಲ್ಲ.

ಮಾರುವುದು, ಕೊಳ್ಳುವುದು ಎರಡನ್ನೂ ಬಿಟ್ಟು ಮೂರನೆಯ ದಾರಿ ಇದೆ, ಇದನ್ನು ಅಂಗಡಿಯವರು ಹೇಳುವುದಿಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳ 25ನೇ ನಿಯಮದಂತೆ ಲೈಸೆನ್ಸ್‌ದಾರನಿಗೆ 70 ವರ್ಷ ತುಂಬಿದ್ದರೆ ಅಥವಾ ಆ ಬಂದೂಕನ್ನು 25 ವರ್ಷ ಇಟ್ಟುಕೊಂಡಿದ್ದರೆ, ಯಾವುದು ಮೊದಲೋ ಅದರಂತೆ, ಜೀವಂತ ಇರುವಾಗಲೇ ಕಾನೂನುಬದ್ಧ ವಾರಸುದಾರರ ಹೆಸರಿಗೆ ವರ್ಗಾಯಿಸಲು ಅವಕಾಶವಿದೆ. ಮಗನೋ ಮಗಳೋ ಸೊಸೆಯೋ ಅರ್ಹರಿದ್ದು ಅರ್ಜಿ ಹಾಕಿದರೆ ಬಂದೂಕು ಮನೆಯಲ್ಲೇ ಉಳಿಯುತ್ತದೆ, ನಿಮ್ಮ ಪುಸ್ತಕದಲ್ಲಿ ಒಂದು ಜಾಗ ಖಾಲಿಯಾಗುತ್ತದೆ. ಹಳೆಯ ವಿದೇಶಿ ಪಿಸ್ತೂಲು ಇರುವ ಮನೆಗಳಲ್ಲಿ ನಾನು ಮೊದಲು ಕೇಳುವ ಪ್ರಶ್ನೆಯೇ ಇದು. ವಾರಸುದಾರರಿಗೂ ಪೊಲೀಸ್ ವರದಿ, ತರಬೇತಿ ಪ್ರಮಾಣಪತ್ರ, ಎರಡರ ಮಿತಿ ಎಲ್ಲವೂ ಅನ್ವಯ.

ಈಗ ಬಂದೂಕಿಗೆ ಬರೋಣ. ಬದಲಿಸಬೇಕೋ ಬೇಡವೋ ಎಂಬುದನ್ನು ನಾನು ಕಾಡತೂಸಿನಿಂದ ಶುರು ಮಾಡುತ್ತೇನೆ. ನಮ್ಮಲ್ಲಿ ‘ಮೂವತ್ತೆರಡು’ ಎಂದರೆ ಎರಡು ಬೇರೆ ಬೇರೆ ಕಾಡತೂಸು. ರಿವಾಲ್ವರಿನದು .32 ಎಸ್ ಆಂಡ್ ಡಬ್ಲ್ಯು (ಸ್ಮಿತ್ ಆಂಡ್ ವೆಸನ್) ಲಾಂಗ್, 1896ರಿಂದ ಇರುವ ಹಳೆಯ ಮಾದರಿ. ಹಿತ್ತಾಳೆಯ ಉದ್ದ 23 ಮಿಲಿಮೀಟರಿಗಿಂತ ತುಸು ಹೆಚ್ಚು, ಬುಡದಲ್ಲಿ ಅಗಲ ಅಂಚು, 98 ಗ್ರೇನ್ ತೂಕದ ದುಂಡು ಮೂತಿಯ ಸೀಸದ ಗುಂಡು. ಪಿಸ್ತೂಲಿನದು .32 ಎಸಿಪಿ, ಇದು ಬ್ರೌನಿಂಗ್ ವಿನ್ಯಾಸ, 7.65 ಎಂದೂ ಬರೆದಿರುತ್ತದೆ. ಹಿತ್ತಾಳೆ 17 ಮಿಲಿಮೀಟರ್ ಚಿಲ್ಲರೆ, ಅಂಚು ಅರ್ಧ ಮಾತ್ರ ಹೊರಗೆ, 71 ಗ್ರೇನಿನ ಗುಂಡು. ಎರಡರ ಬಲ ಹೆಚ್ಚುಕಡಿಮೆ ಒಂದೇ: ಒಂದು ಭಾರದ ಗುಂಡನ್ನು ನಿಧಾನವಾಗಿ ಕಳಿಸುತ್ತದೆ, ಇನ್ನೊಂದು ಹಗುರದ್ದನ್ನು ವೇಗವಾಗಿ. ಆದ್ದರಿಂದ .32 ರಿವಾಲ್ವರ್ ಕೊಟ್ಟು .32 ಪಿಸ್ತೂಲು ತಂದರೆ ‘ಪವರ್’ ಹೆಚ್ಚುತ್ತದೆ ಎನ್ನುವವರ ಮಾತನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಹೆಚ್ಚುವುದು ಗುಂಡಿನ ಸಂಖ್ಯೆ, ಕಡಿಮೆಯಾಗುವುದು ಸರಳತೆ. ಸೈನ್ಯ, ಪೊಲೀಸರ 9 ಮಿಲಿಮೀಟರ್ ನಿಷೇಧಿತ ಬೋರು, ಅದರ ಆಸೆ ಸಾಮಾನ್ಯ ಲೈಸೆನ್ಸ್‌ನಲ್ಲಿ ಬೇಡ.

ಅಪಾಯ ಇರುವುದು ಹೆಸರು ಒಂದೇ ಆಗಿರುವುದರಲ್ಲಿ. ಎಸಿಪಿ ಕಾಡತೂಸು ರಿವಾಲ್ವರಿನ ಸಿಲಿಂಡರಿನೊಳಗೆ ಇಳಿದು, ತನ್ನ ಅರ್ಧ ಅಂಚಿನ ಮೇಲೆ ನಿಂತು, ಸಿಡಿಯಲೂಬಹುದು. ಆದರೆ ಅಮೆರಿಕದ ಮಾನದಂಡದಲ್ಲಿ ಎಸಿಪಿಯ ಗರಿಷ್ಠ ಒತ್ತಡ 20,500 ಪಿಎಸ್‌ಐ, ಲಾಂಗ್‌ನದು 15,000. ಮೇಲಿನ ಕೊಂಡಿಯೊಂದೇ ಹಿಡಿದಿಡುವ ಹಳೆಯ ರಿವಾಲ್ವರಿನಲ್ಲಿ ಈ ಹೆಚ್ಚುವರಿ ಒತ್ತಡ ನೇರವಾಗಿ ಕೊಂಡಿಗೂ ಕೀಲಿಗೂ ಬೀಳುತ್ತದೆ. ಎರಡೂ ಬಗೆಯ ಬಂದೂಕು ಒಂದೇ ಮನೆಯಲ್ಲಿದ್ದರೆ ಕಾಡತೂಸಿನ ಡಬ್ಬಿ ಬೇರೆ ಬೇರೆ ಕಪಾಟಿನಲ್ಲಿರಬೇಕು. ಅಂಗಡಿಯಲ್ಲಿ ‘ಮೂವತ್ತೆರಡು ಕೊಡ್ರಿ’ ಎನ್ನದೆ ರಿವಾಲ್ವರಿನದೋ ಪಿಸ್ತೂಲಿನದೋ ಹೇಳಿ ಕೊಳ್ಳಿ.

ಒಂದು ಬಗೆಯ ಕಾಡತೂಸಿಗೆ ಇಳಿಯುವುದೇ ಬದಲಾವಣೆಗೆ ಒಳ್ಳೆಯ ಕಾರಣ ಆಗಬಹುದು. ನನ್ನ ವಿಷಯದಲ್ಲಿ ಹಳೆಯ ರಿವಾಲ್ವರಿಗೂ ಹೊಸ ಪ್ರಬಲ್‌ಗೂ ಕಾಡತೂಸು ಒಂದೇ. ಎರಡರದೂ ಮೂರು ಇಂಚಿನ ಸುಮಾರಿನ ನಳಿಕೆ, ಎರಡರದೂ ಕೆಲಸ ಒಂದೇ. ವ್ಯತ್ಯಾಸ ಇರುವುದು ತೆರೆಯುವ ರೀತಿಯಲ್ಲಿ: 2023ರ ಆಗಸ್ಟಿನಲ್ಲಿ ಬಂದ ಪ್ರಬಲ್‌ನಲ್ಲಿ ಸಿಲಿಂಡರ್ ಪಕ್ಕಕ್ಕೆ ಹೊರಳುತ್ತದೆ, ಚೌಕಟ್ಟು ಇಡಿಯಾಗಿದೆ. ತಯಾರಕರು 50 ಮೀಟರ್ ಪರಿಣಾಮಕಾರಿ ದೂರ ಎನ್ನುತ್ತಾರೆ. ದಾಲ್ ಮಿಲ್ಲಿನ ಗಲ್ಲಾದ ಹತ್ತಿರ ಇಡುವ ಬಂದೂಕಿಗೆ 50 ಮೀಟರಿನ ಮಾತು ಯಾಕೆ? ಏಳರಿಂದ ಹತ್ತು ಮೀಟರಿನಲ್ಲಿ ಅದು ಹೇಗೆ ಕೈಗೆ ಕೂರುತ್ತದೆ ಎಂಬುದೇ ನೋಡಬೇಕಾದದ್ದು. ಹೊಲದ ತೊಗರಿಗೆ ಬರುವ ಹಂದಿ ಓಡಿಸಲು ಬೇಕೆಂದು ಕೈಬಂದೂಕು ಬದಲಿಸುವವರು ಆ ವಿಚಾರವನ್ನೇ ಬಿಡಬೇಕು, ಅದು ಕೈಬಂದೂಕಿನ ಕೆಲಸವಲ್ಲ.

ಹಳೆಯದು ನಿಜವಾಗಿ ಸವೆದಿದೆಯೋ ಇಲ್ಲವೋ ಎಂದು ತಿಳಿಯದೆ ಮಾರಾಟದ ನಿರ್ಧಾರ ಆಗದು. ಪರೀಕ್ಷೆಗೆ ಮೊದಲು ಬಂದೂಕು ಖಾಲಿ ಮಾಡಿ, ಕಾಡತೂಸು ಕೂರುವ ಪ್ರತಿ ಕೋಣೆಗೂ ಕಣ್ಣು ಮತ್ತು ಬೆರಳು ಹಾಕಿ ನೋಡಿ, ಕಾಡತೂಸನ್ನೆಲ್ಲ ಮನೆಯ ಬೇರೆ ಕೊಠಡಿಯಲ್ಲಿಡಿ. ಖಾಲಿ ಎಂದು ಗೊತ್ತಿದ್ದರೂ ನಳಿಕೆಯ ಬಾಯಿ ಗಟ್ಟಿ ಗೋಡೆಯ ಕಡೆಗೇ ಇರಲಿ, ಬೆರಳು ಬೇಕಾದಾಗ ಮಾತ್ರ ಟ್ರಿಗರಿಗೆ ಹೋಗಲಿ. ಹಳೆಯ ಬಂದೂಕಿನ ಸೂಜಿ (ಕಾಡತೂಸಿನ ಬುಡಕ್ಕೆ ಹೊಡೆಯುವ ಮೊನೆ) ಮುರಿಯದಂತೆ ಒಣ ಹೊಡೆತಕ್ಕೆ, ಅಂದರೆ ಗುಂಡಿಲ್ಲದೆ ಟ್ರಿಗರ್ ಎಳೆಯುವಾಗ, ಡಮ್ಮಿ ಕಾಡತೂಸು ಬಳಸಬೇಕು.

ರಿವಾಲ್ವರಿನಲ್ಲಿ ಮೊದಲು ಕೊಂಡಿ. ಮುಚ್ಚಿದ ರಿವಾಲ್ವರಿನ ಹಿಡಿಕೆ ಒಂದು ಕೈಯಲ್ಲಿ, ನಳಿಕೆ ಇನ್ನೊಂದು ಕೈಯಲ್ಲಿ ಹಿಡಿದು ಮೇಲೆ ಕೆಳಗೆ, ಆಚೆ ಈಚೆ ಅಲುಗಿಸಿ. ಕೀಲಿನಲ್ಲೋ ಕೊಂಡಿಯಲ್ಲೋ ‘ಟಿಕ್’ ಎಂದರೆ ಸವೆತ ಶುರುವಾಗಿದೆ. ಬೆನ್ನು ಮುರಿಯುವ ವಿನ್ಯಾಸದಲ್ಲಿ ಇದು ಬಂದೇ ಬರುತ್ತದೆ, ಮುಖ್ಯವಾಗಿ ಸಿನಿಮಾದಲ್ಲಿ ನೋಡಿದಂತೆ ಒಂದೇ ಕೈಯಲ್ಲಿ ಝಾಡಿಸಿ ಮುಚ್ಚಿದವರ ಬಂದೂಕಿನಲ್ಲಿ. ಹೊಡೆತದಿಂದ ಹೊಡೆತಕ್ಕೆ ನಳಿಕೆ ಕೂರುವ ಜಾಗ ಬದಲಾಗುತ್ತದೆ, ಗುರಿಯೂ ಬದಲಾಗುತ್ತದೆ.

ಎರಡನೆಯದು ಸಿಲಿಂಡರಿಗೂ ನಳಿಕೆಗೂ ನಡುವಿನ ಸಂದು. ಬೈಕ್ ಮೆಕ್ಯಾನಿಕ್ ಟ್ಯಾಪೆಟ್ ಹೊಂದಿಸಲು ಬಳಸುವ ಫೀಲರ್ ಗೇಜ್ ಇದಕ್ಕೆ ಸಾಕು. 0.10ರಿಂದ 0.20 ಮಿಲಿಮೀಟರ್ ಇದ್ದರೆ ಒಳ್ಳೆಯದು. 0.25 ದಾಟಿದರೆ ಪಕ್ಕಕ್ಕೆ ಬಿಸಿ ಗಾಳಿ, ಸೀಸದ ಚೂರು ಉಗಿಯುತ್ತದೆ. 0.05ಕ್ಕೂ ಕಡಿಮೆ ಇದ್ದರೆ ಕೆಲವು ಹೊಡೆತದ ನಂತರ ಮಸಿ ಕಟ್ಟಿ ಸಿಲಿಂಡರ್ ಬಿಗಿಯುತ್ತದೆ. ಅಳೆಯುವಾಗ ಸಿಲಿಂಡರನ್ನು ಹಿಂದಕ್ಕೆ ಒತ್ತಿ ಒಮ್ಮೆ, ಮುಂದಕ್ಕೆ ಒತ್ತಿ ಒಮ್ಮೆ ಅಳೆಯಿರಿ. ಎರಡರ ವ್ಯತ್ಯಾಸವೇ ಸಿಲಿಂಡರಿನ ಹಿಂದುಮುಂದಿನ ಆಟ. 0.05 ಆಸುಪಾಸು ಚೆನ್ನ, 0.15 ದಾಟಿದ್ದನ್ನು ನಾನು ಕೊಳ್ಳುವುದಿಲ್ಲ. ಆಟ ಹೆಚ್ಚಿದ್ದರೆ ಹೊಡೆದಾಗ ಕಾಡತೂಸು ಸೂಜಿಯಿಂದ ದೂರ ಸರಿದು ಒಮ್ಮೊಮ್ಮೆ ಸಿಡಿಯುವುದೇ ಇಲ್ಲ.

ಮೂರನೆಯದು ಟೈಮಿಂಗ್, ಅಂದರೆ ಪ್ರತಿ ಕೋಣೆ ಸರಿಯಾದ ಹೊತ್ತಿಗೆ ನಳಿಕೆಯ ನೇರಕ್ಕೆ ಬಂದು ನಿಲ್ಲುವುದು, ಇದಕ್ಕೆ ತಾಳ್ಮೆ ಬೇಕು. ಒಂದು ಬೆರಳನ್ನು ಸಿಲಿಂಡರಿನ ಮೇಲೆ ಮೆಲ್ಲಗೆ ಒತ್ತಿಟ್ಟು ಹ್ಯಾಮರನ್ನು ಬಹಳ ನಿಧಾನ ಎಳೆಯಿರಿ. ಹ್ಯಾಮರ್ ಪೂರ್ತಿ ಹಿಂದೆ ನಿಲ್ಲುವ ಮೊದಲೇ ಸಿಲಿಂಡರ್ ತನ್ನ ಗೂಟಕ್ಕೆ ಬಿದ್ದಿರಬೇಕು. ಹ್ಯಾಮರ್ ನಿಂತ ಮೇಲೂ ಸಿಲಿಂಡರನ್ನು ಕೈಯಿಂದ ತುಸು ತಿರುಗಿಸಿದಾಗ ‘ಕಟ್’ ಎಂದು ಬಿದ್ದರೆ ಆ ಕೋಣೆ ತಡವಾಗಿದೆ. ಆರೂ ಕೋಣೆಗಳನ್ನು ಹೀಗೆ ನೋಡಿ ತಡವಾದದ್ದಕ್ಕೆ ಸೀಮೆಸುಣ್ಣದ ಗುರುತು ಹಾಕಿ. ಒಂದೋ ಎರಡೋ ಕೋಣೆ ಮಾತ್ರ ತಡವಾದರೆ ಸಿಲಿಂಡರಿನ ಹಿಂಬದಿಯ ಹಲ್ಲು ಸವೆದಿದೆ, ಎಲ್ಲವೂ ತಡವಾದರೆ ಸಿಲಿಂಡರ್ ತಿರುಗಿಸುವ ಒಳಗಿನ ತುಂಡು, ಅಂದರೆ ‘ಹ್ಯಾಂಡ್’, ಸವೆದಿದೆ. ಎರಡನೆಯದು ಸರಿಪಡಿಸಲು ಸುಲಭ, ಮೊದಲನೆಯದು ಖರ್ಚಿನದು. ತಪ್ಪಿದ ಟೈಮಿಂಗ್‌ನಲ್ಲಿ ಗುಂಡು ನಳಿಕೆಯ ಹಿಂಬದಿ ಅಂಚಿಗೆ ಕೆರೆದುಕೊಂಡು ಹೋಗುತ್ತದೆ. ಅಲ್ಲಿ ಒಂದೇ ಮಗ್ಗುಲಿಗೆ ಸೀಸ ಮೆತ್ತಿದ್ದರೆ ಯಾರೂ ಹೇಳಬೇಕಿಲ್ಲ.

ಆಮೇಲೆ ಹ್ಯಾಮರ್ ಎಳೆದು ನಿಲ್ಲಿಸಿ ಹೆಬ್ಬೆರಳಿನಿಂದ ಹಿಂದಿನಿಂದ ಮುಂದಕ್ಕೆ ಒತ್ತಿ ನೋಡಿ. ಟ್ರಿಗರ್ ಮುಟ್ಟದೆ ಅದು ಬೀಳಬಾರದು. ಬಿದ್ದರೆ ಒಳಗೆ ಸವೆದಿದೆ, ಇಲ್ಲವೇ ಯಾರೋ ಟ್ರಿಗರ್ ಹಗುರ ಮಾಡಲು ಒಳಗೆ ಅರ ಹಾಕಿದ್ದಾರೆ. ಹಾಗೆ ಅರ ಹಾಕಿದ್ದನ್ನು ನಾನು ಎಷ್ಟು ಅಗ್ಗಕ್ಕೆ ಬಂದರೂ ತೆಗೆದುಕೊಳ್ಳುವುದಿಲ್ಲ. ನಳಿಕೆಯೊಳಗೆ ಬೆಳಕು ಹಾಯಿಸಿ ನೋಡಿದಾಗ ಉಂಗುರದಂತೆ ಕಪ್ಪು ನೆರಳು ಕಂಡರೆ ಅಲ್ಲಿ ನಳಿಕೆ ಉಬ್ಬಿದೆ, ಒಳಗೆ ಸಿಕ್ಕಿಕೊಂಡ ಗುಂಡಿನ ಮೇಲೆ ಇನ್ನೊಂದು ಹೊಡೆದಿದ್ದರ ಗುರುತು. ಸಣ್ಣ ತುಕ್ಕಿನ ಗುಳಿ ಇದ್ದರೆ ಬೆಲೆ ಇಳಿಯುತ್ತದೆ, ಕೆಲಸ ನಿಲ್ಲುವುದಿಲ್ಲ. ಉಬ್ಬು ಇದ್ದರೆ ಅದು ಬಂದೂಕೇ ಅಲ್ಲ.

ಪಿಸ್ತೂಲಿನ ಪರೀಕ್ಷೆ ಬೇರೆ. ವಾಲ್ಥರ್ ಪಿಪಿ 1929ರ ವಿನ್ಯಾಸ. ನಳಿಕೆ ಚೌಕಟ್ಟಿಗೆ ಗಟ್ಟಿ ಕೂತಿದೆ, ಅದರ ಸುತ್ತ ಸ್ಪ್ರಿಂಗು. ಗುಂಡು ಹೊರಡುವಾಗ ಹಿಂಭಾಗವನ್ನು ಹಿಡಿದಿಡುವುದು ಸ್ಲೈಡಿನ (ಹಿಂದೆ ಮುಂದೆ ಸರಿಯುವ ಮೇಲಿನ ಭಾಗ) ಭಾರ ಮತ್ತು ಆ ಸ್ಪ್ರಿಂಗು ಮಾತ್ರ. ಸ್ಪ್ರಿಂಗು ಸೋತರೆ ಸ್ಲೈಡು ಪ್ರತಿ ಹೊಡೆತಕ್ಕೂ ಚೌಕಟ್ಟನ್ನು ಜೋರಾಗಿ ಕುಟ್ಟುತ್ತದೆ, ವರ್ಷಗಳು ಕಳೆದಂತೆ ಕೂದಲೆಳೆಯ ಸೀಳು ಬರುತ್ತದೆ. ಸ್ಲೈಡಿನಲ್ಲಿ ಖಾಲಿ ಹಿತ್ತಾಳೆ ಹೊರಬೀಳುವ ಕಿಂಡಿಯ ಮೂಲೆಗಳನ್ನು, ಸುರಕ್ಷಾ ಗುಂಡಿಯ ರಂಧ್ರದ ಸುತ್ತ ಭೂತಗನ್ನಡಿ ಹಿಡಿದು ನೋಡಬೇಕು. ಸ್ಪ್ರಿಂಗನ್ನು ಲೇತಿನವರ ಹತ್ತಿರ ಮಾಡಿಸಿ ಹಾಕಿದ ಪಿಸ್ತೂಲುಗಳು ನಮ್ಮ ಭಾಗದಲ್ಲಿ ಸಿಗುತ್ತವೆ. ತಂತಿಯ ದಪ್ಪ ತುಸು ಹೆಚ್ಚಾದರೂ ಸ್ಲೈಡು ಪೂರ್ತಿ ಹಿಂದೆ ಹೋಗದೆ ಖಾಲಿ ಹಿತ್ತಾಳೆ ಕಿಂಡಿಯಲ್ಲಿ ಸಿಕ್ಕಿಬೀಳುತ್ತದೆ.

ಡಿಕಾಕರ್ ಎಂದರೆ ಎಳೆದ ಹ್ಯಾಮರನ್ನು ಗುಂಡು ಸಿಡಿಯದಂತೆ ಇಳಿಸುವ ಸುರಕ್ಷಾ ಗುಂಡಿ, ಅದರ ಪರೀಕ್ಷೆಗೆ ಒಂದು ಪೆನ್ಸಿಲ್ ಸಾಕು. ಖಾಲಿ ಪಿಸ್ತೂಲನ್ನು ಬಾಯಿ ಮೇಲೆ ಮಾಡಿ ಹಿಡಿದು, ರಬ್ಬರಿನ ಕಡೆ ಒಳಗಾಗುವಂತೆ ಪೆನ್ಸಿಲನ್ನು ನಳಿಕೆಗೆ ಇಳಿಸಿ. ಮುಖ ಮಾತ್ರ ಬಾಯಿಯ ಮೇಲೆ ಬಾರದಿರಲಿ. ಹ್ಯಾಮರ್ ಎಳೆದು ಟ್ರಿಗರ್ ಒತ್ತಿದರೆ ಪೆನ್ಸಿಲ್ ಹಾರಬೇಕು, ಅಂದರೆ ಸೂಜಿ ಸರಿಯಾಗಿ ಹೊಡೆಯುತ್ತದೆ. ಮತ್ತೆ ಹ್ಯಾಮರ್ ಎಳೆದು ಈ ಸಲ ಸುರಕ್ಷಾ ಗುಂಡಿ ಕೆಳಗೆ ಒತ್ತಿ, ಹ್ಯಾಮರ್ ತಾನಾಗಿ ಬೀಳುತ್ತದೆ, ಪೆನ್ಸಿಲ್ ಮಾತ್ರ ಕದಲಬಾರದು. ಕದಲಿದರೆ ಸುರಕ್ಷಾ ಗುಂಡಿಯೇ ಅಸುರಕ್ಷಿತ, ಆ ಪಿಸ್ತೂಲಿಗೆ ಕಾಡತೂಸು ತುಂಬಲೇಬಾರದು. ಇನ್ನೊಂದು: ಟ್ರಿಗರ್ ಒತ್ತಿಹಿಡಿದೇ ಸ್ಲೈಡ್ ಎಳೆದು ಬಿಡಿ. ಹ್ಯಾಮರ್ ಹಿಂದೆಯೇ ನಿಂತಿರಬೇಕು, ಸ್ಲೈಡಿನ ಜೊತೆ ಮುಂದೆ ಬರಬಾರದು.

ಮ್ಯಾಗಜಿನ್ ಹಳೆಯ ವಿದೇಶಿ ಪಿಸ್ತೂಲಿನ ಅರ್ಧ ಪ್ರಾಣ. ತುಟಿಗಳು ಬಗ್ಗಿದರೆ ಗುಂಡು ಮೂಗು ಎತ್ತಿಯೋ ತಗ್ಗಿಸಿಯೋ ಸಿಕ್ಕಿಕೊಳ್ಳುತ್ತದೆ. ಮೂಲ ಮ್ಯಾಗಜಿನ್ ಎರಡಿದ್ದರೆ ಬೆಲೆಯೇ ಬೇರೆ. ಎಸಿಪಿ ಕಾಡತೂಸಿಗೆ ಅರ್ಧ ಅಂಚು ಇರುವುದರಿಂದ ತುಂಬುವಾಗ ಮೇಲಿನದರ ಅಂಚು ಕೆಳಗಿನದರ ಅಂಚಿನ ಮುಂದೆ ಕೂರಬೇಕು. ಹಿಂದೆ ಕೂತರೆ ಎರಡೂ ಕೊಕ್ಕೆ ಹಾಕಿಕೊಂಡು, ಸ್ಲೈಡು ಎಷ್ಟು ತಳ್ಳಿದರೂ ಮೇಲಿನದು ಬರುವುದಿಲ್ಲ. ಉದ್ದ ಕಡಿಮೆ ಇರುವ ಕಾಡತೂಸಿನಲ್ಲಿ ಈ ತೊಂದರೆ ಹೆಚ್ಚು, ಯಾಕೆಂದರೆ ಮ್ಯಾಗಜಿನ್ ಒಳಗೆ ಹಿಂದೆ ಮುಂದೆ ಸರಿಯಲು ಜಾಗ ಸಿಗುತ್ತದೆ. ‘ಈ ಪಿಸ್ತೂಲು ಜಾಮ್ ಆಗ್ತದ, ಮಾರಿಬಿಡ್ತೀನಿ’ ಎನ್ನುವವರು ಮೊದಲು ತುಂಬುವ ಕ್ರಮ ಸರಿಮಾಡಿ ನೋಡಲಿ.

ಹೊಸದನ್ನು ಕೌಂಟರಿನಲ್ಲಿ ನೋಡುವಾಗಲೂ ಇವೇ ಪರೀಕ್ಷೆ. ಹೊಸದು ಎಂದರೆ ಸರಿ ಇರುತ್ತದೆ ಎಂದೇನಿಲ್ಲ. ಅಂಗಡಿಯಲ್ಲಿ ಒಂದೇ ಮಾದರಿಯ ಎರಡು ಮೂರು ಇದ್ದರೆ ಎಲ್ಲವನ್ನೂ ತೆಗೆಸಿ, ಸಂದು ಅಳೆದು, ಟ್ರಿಗರ್ ಎಳೆದು ಆರಿಸಿಕೊಳ್ಳಿ. ಟ್ರಿಗರಿನ ಬಿಗಿ ಒಂದರಿಂದೊಂದಕ್ಕೆ ಗಮನಕ್ಕೆ ಬರುವಷ್ಟು ಬೇರೆ ಇರಬಹುದು. ಮನೆಯಲ್ಲಿ ಬಳಸುವವರು ವಯಸ್ಸಾದವರಾಗಿದ್ದರೆ ಅವರನ್ನೇ ಕರೆದೊಯ್ದು ಹ್ಯಾಮರ್ ಎಳೆಯದೆ ಬರೀ ಟ್ರಿಗರಿನಿಂದ ಆರು ಸಲ ಎಳೆಸಿ. ನಾಲ್ಕನೆಯದಕ್ಕೆ ಬೆರಳು ನಡುಗಿದರೆ ಆ ಬಂದೂಕು ಅವರಿಗಲ್ಲ. 2014ರಲ್ಲಿ ಬಂದ ‘ನಿರ್ಭೀಕ್’ ರಿವಾಲ್ವರ್ ಸುಮಾರು 500 ಗ್ರಾಂ ಮಾತ್ರ, ಪರ್ಸಿಗೆ ಹಗುರ, ನಿಜ. ಆದರೆ ಬಂದೂಕು ಹಗುರವಾದಷ್ಟೂ ಕೈಗೆ ಬೀಳುವ ಒದೆತ ಹೆಚ್ಚು, ಟ್ರಿಗರ್ ಎಳೆಯುವಾಗ ಅದು ಓಲಾಡುವುದೂ ಹೆಚ್ಚು.

ಹೊಡೆದು ನೋಡುವುದು ಅನುಮತಿ ಇರುವ ಶೂಟಿಂಗ್ ರೇಂಜಿನಲ್ಲಿ ಮಾತ್ರ, ಹೊಲದಲ್ಲಲ್ಲ, ಮದುವೆಯಲ್ಲಂತೂ ಅಲ್ಲವೇ ಅಲ್ಲ. ಸಂಭ್ರಮದ ಗುಂಡಿಗೆ ಈಗ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ರಿವಾಲ್ವರಿಗೆ ನನ್ನ ಕ್ರಮ ಹೀಗೆ: ಏಳು ಮೀಟರು, ಮಣಿಕಟ್ಟಿಗೆ ಮರಳಿನ ಚೀಲದ ಆಸರೆ, ಕೋಣೆಗಳಿಗೆ ಒಂದರಿಂದ ಆರು ಗುರುತು, ಕೋಣೆಗೆ ಮೂರರಂತೆ ಹದಿನೆಂಟು ಕಾಡತೂಸು. ಯಾವ ಗುಂಡು ಯಾವ ಕೋಣೆಯದೆಂದು ಗುರಿಹಾಳೆಯ ಮೇಲೆ ಬರೆದುಕೊಳ್ಳಬೇಕು. ಒಂದೇ ಕೋಣೆಯ ಮೂರೂ ಗುಂಡು ಗುಂಪಿನಿಂದ ಹೊರಗೆ ಹೋದರೆ ದೋಷ ಆ ಕೋಣೆಯದು. ಎಲ್ಲವೂ ಚೆದುರಿದರೆ ದೋಷ ಕೊಂಡಿಯದೋ ನಳಿಕೆಯದೋ, ಇಲ್ಲವೇ ನಮ್ಮದೇ ಕೈಯದು. ಹೊಡೆದಾಗ ಸಿಡಿಯದಿದ್ದರೆ ಮೂವತ್ತು ಸೆಕೆಂಡು ಬಾಯಿ ಗುರಿಯ ಕಡೆಗೇ ಇಟ್ಟು ಕಾಯಿರಿ, ಆಮೇಲೆ ತೆಗೆಯಿರಿ.

ಸಿಡಿಯದ ಕಾಡತೂಸಿಗೆ ಬಂದೂಕನ್ನು ಬೈದು ಮಾರುವವರೂ ಇದ್ದಾರೆ. ನಮ್ಮಲ್ಲಿ ಮೇ ತಿಂಗಳಲ್ಲಿ 42, 43 ಡಿಗ್ರಿ ಸಾಮಾನ್ಯ. ಕಾರಿನ ಡ್ಯಾಶ್‌ಬೋರ್ಡಿನಲ್ಲಿ, ಪತ್ರಾಸಿನ ಕೆಳಗಿನ ಅಟ್ಟದಲ್ಲಿ ಇಟ್ಟ ಕಾಡತೂಸು ಬೇಗ ಹಾಳಾಗುತ್ತದೆ. ಬಂದೂಕಿಗೆ ಎಣ್ಣೆ ಸುರಿದು ತುಂಬಿಟ್ಟರೆ ಆ ಎಣ್ಣೆ ಹಿತ್ತಾಳೆಯ ಬುಡದ ಕ್ಯಾಪಿನೊಳಗೆ ಇಳಿದು ಮದ್ದು ಸಾಯುತ್ತದೆ. ಚರ್ಮದ ಚೀಲದಲ್ಲೇ ವರ್ಷಗಟ್ಟಲೆ ಇಟ್ಟರೆ ಹಿತ್ತಾಳೆಗೆ ಹಸಿರು ಕಿಲುಬು, ಉಕ್ಕಿಗೆ ತುಕ್ಕು. ಶಹಾಬಾದ್ ಕಡೆಯ ಕಲ್ಲಿನ ಧೂಳು ಎಣ್ಣೆಯ ಜೊತೆ ಸೇರಿದರೆ ಅದೇ ಅರದ ಪುಡಿ, ಟೈಮಿಂಗ್ ಹಲ್ಲುಗಳನ್ನು ತಿನ್ನುತ್ತದೆ. ತೆಳ್ಳಗೆ ಎಣ್ಣೆ ಸವರಿ, ಬಟ್ಟೆಯಿಂದ ಒರೆಸಿ, ಒಣಗಿದ ಪೆಟ್ಟಿಗೆಯಲ್ಲಿ ಇಟ್ಟರೆ ಸಾಕು. ಬಂದೂಕು ಬದಲಿಸುವ ಮೊದಲು ಹೊಸ ಕಾಡತೂಸು ಹಾಕಿ ಪರೀಕ್ಷಿಸುವುದು ಎಷ್ಟೋ ಅಗ್ಗದ ಕೆಲಸ.

ಈಗ ಹಣ. 2025ರ ಸೆಪ್ಟೆಂಬರ್ 22ರಿಂದ ರಿವಾಲ್ವರ್, ಪಿಸ್ತೂಲುಗಳ ಮೇಲಿನ ಜಿಎಸ್‌ಟಿ 28ರಿಂದ 40 ಶೇಕಡಾಕ್ಕೆ ಏರಿದೆ. ಲೆಕ್ಕಕ್ಕೆ ಮೂಲ ಬೆಲೆ 80,000 ಎಂದಿಟ್ಟುಕೊಂಡರೆ ತೆರಿಗೆಯೇ 32,000, ಕೈಗೆ ಬರುವಾಗ 1,12,000. ಲೈಸೆನ್ಸ್‌ದಾರರೊಬ್ಬರು ತಮ್ಮ ಸ್ವಂತ ಹಳೆಯದನ್ನು ನೇರವಾಗಿ ಮಾರಿದಾಗ ಈ ತೆರಿಗೆ ಬೀಳದು. ಹೊಸದನ್ನು ತಂದ ಮಾರನೆಯ ದಿನ ಮಾರಹೋದರೂ ಆ ತೆರಿಗೆಯ ಭಾಗ ಯಾರೂ ಕೊಡುವುದಿಲ್ಲ. ಇದರ ಎದುರಿಗೆ ಹಳೆಯ ವಿದೇಶಿ ಪಿಸ್ತೂಲು. 1980ರ ದಶಕದ ಮಧ್ಯದಿಂದ ಸಾಮಾನ್ಯ ಜನರಿಗೆ ಆಮದು ಬಂದ್ ಆಗಿದೆ. ಇರುವಷ್ಟೇ ಇವೆ, ಒಂದೊಂದೇ ಕಡಿಮೆಯಾಗುತ್ತಿವೆ, ಆದ್ದರಿಂದ ಅವುಗಳ ಬೆಲೆ ಅವು ಮಾಡುವ ಕೆಲಸಕ್ಕೆ ಸಂಬಂಧವೇ ಇಲ್ಲದಷ್ಟು ಮೇಲಿದೆ. ದೇಶೀ ರಿವಾಲ್ವರಿನ ವಿಷಯ ಉಲ್ಟಾ: ಹೊಸ ಮಾದರಿ ಬಂದಂತೆಲ್ಲ ಹಳೆಯದರ ಬೆಲೆ ಇಳಿಯುತ್ತದೆ.

‘ಎರಡು ಕೊಡ್ರಿ, ಮ್ಯಾಲ ಏನೂ ಬ್ಯಾಡ’ ಎನ್ನುವುದರ ಗುಟ್ಟು ಇಲ್ಲೇ ಇದೆ. ನಾನು ಅಂಗಡಿಯವರಿಗೆ ಕೇಳಿದ್ದು ಮೂರು ಅಂಕಿ, ಮೂರೂ ಬೇರೆ ಬೇರೆ ಚೀಟಿಯಲ್ಲಿ: ನನ್ನ ರಿವಾಲ್ವರಿಗೆ ಎಷ್ಟು, ನನ್ನ ಪಿಪಿಗೆ ಎಷ್ಟು, ಹೊಸದಕ್ಕೆ ತೆರಿಗೆ ಸೇರಿ ಎಷ್ಟು. ಹಾಗೆ ಬಿಡಿಸಿದಾಗ ಪಿಪಿಯ ಬೆಲೆಯೊಂದೇ ಹೊಸದರ ಬೆಲೆಯನ್ನು ನುಂಗಿ ಮಿಗುತ್ತಿತ್ತು, ರಿವಾಲ್ವರ್ ಪುಕ್ಕಟೆ ಹೋಗುತ್ತಿತ್ತು. ಅದೇ ಮೂರು ಅಂಕಿಯನ್ನು ಇನ್ನೊಂದು ಅಂಗಡಿಯಲ್ಲೂ ಕೇಳಿ ತಾಳೆ ನೋಡಬೇಕು. ಬೆಲೆ ಕೇಳುವ ನೆಪದಲ್ಲಿ ಬಂದೂಕಿನ ಫೋಟೋ, ನಂಬರು ಸಮೇತ, ವಾಟ್ಸಾಪ್ ಗುಂಪಿಗೆ ಹಾಕಬೇಡಿ. ನಿಮ್ಮ ಮನೆಯಲ್ಲಿ ಏನಿದೆ ಎಂದು ಊರಿಗೆಲ್ಲ ಡಂಗುರ ಸಾರಿದಂತೆ.

ಹಾಗಾಗಿ ರಿವಾಲ್ವರ್ ಒಂದನ್ನೇ ಮಾರಿದೆ, ಮೇಲಿನ ಹಣ ಕೈಯಿಂದ ಹಾಕಿ ಪ್ರಬಲ್ ತಂದೆ, ಪಿಪಿ ಪುಸ್ತಕದಲ್ಲೇ ಉಳಿಯಿತು. ಕೊಂಡಿ ಸಡಿಲಾದ ರಿವಾಲ್ವರಿನ ಕೆಲಸವನ್ನೇ ಹೊಸದು ಇನ್ನೂ ಗಟ್ಟಿಯಾಗಿ ಮಾಡುತ್ತದೆ, ಉಳಿದ ಲಾಂಗ್ ಕಾಡತೂಸುಗಳು ಅದಕ್ಕೇ ಆಗುತ್ತವೆ. ಪಿಪಿ ಹೋಗಿದ್ದರೆ ಮತ್ತೆ ಅಂಥದ್ದು ಸಿಗುತ್ತಿರಲಿಲ್ಲ, ಡಿಕಾಕರ್ ಪರೀಕ್ಷೆಯಲ್ಲಿ ಅದು ಪಾಸಾಗಿತ್ತು, ಸೀಳೂ ಇರಲಿಲ್ಲ. ಪಿಪಿಯ ಸ್ಲೈಡಿನಲ್ಲಿ ಸೀಳು ಕಂಡಿದ್ದರೆ ಅಥವಾ ಮ್ಯಾಗಜಿನ್ ಇಲ್ಲದಿದ್ದರೆ ನಾನು ತಲೆಕೆಳಗಾಗಿ ನಿರ್ಧರಿಸುತ್ತಿದ್ದೆ: ಬೆಲೆ ಬರುವಾಗಲೇ ಅದನ್ನು ಮಾರಿ, ರಿವಾಲ್ವರಿನ ಕೊಂಡಿ ಸರಿಮಾಡಿಸಿ ಇಟ್ಟುಕೊಳ್ಳುತ್ತಿದ್ದೆ, ಹೊಸದನ್ನು ಕೊಳ್ಳುತ್ತಲೇ ಇರಲಿಲ್ಲ.

ಹಸ್ತಾಂತರದ ದಿನ ಮಾರುವವರ ಕೈಯಲ್ಲಿ ಇರಬೇಕಾದದ್ದು: ಅನುಮತಿ ಪತ್ರದ ಮೂಲ, ಲೈಸೆನ್ಸ್ ಪುಸ್ತಕ, ಗುರುತಿನ ಚೀಟಿ, ಮತ್ತು ಕೊಳ್ಳುವವರು ಖಾಸಗಿಯವರಾದರೆ ಅವರ ಲೈಸೆನ್ಸಿನ ಎಲ್ಲ ಪುಟಗಳ ನಕಲು. ಬಿಲ್ಲಿನಲ್ಲಿ ತಯಾರಕ, ಬೋರು, ಚೌಕಟ್ಟಿನ ನಂಬರು, ತಾರೀಖು ಸ್ಪಷ್ಟವಾಗಿ ಇರಲಿ. ನಂಬರನ್ನು ನೀವೇ ಬಂದೂಕು ನೋಡಿ ಜೋರಾಗಿ ಓದಿ, ಅವರು ಬಿಲ್ಲು ನೋಡಿ ಓದಲಿ. ಹೊಸದು ಬೇರೆ ಬೋರಿನದಾಗಿದ್ದರೆ ಉಳಿದ ಹಳೆಯ ಕಾಡತೂಸನ್ನೂ ಅಂಗಡಿಗೇ ಎಣಿಸಿ ಕೊಟ್ಟು ಪುಸ್ತಕದಲ್ಲಿ ಬರೆಸಿಬಿಡಬೇಕು. ಬಂದೂಕು ಹೋದ ಮೇಲೆ ಕಪಾಟಿನ ಮೂಲೆಯಲ್ಲಿ ಉಳಿದ ಐದೇ ಐದು ಕಾಡತೂಸೂ ಲೈಸೆನ್ಸ್ ಇಲ್ಲದ ಮದ್ದೇ.